ಹೆಡ್‌ಲ್ಯಾಂಪ್ ಎಷ್ಟು ಮಂದವಾಗಿ ಉರಿಯಬಲ್ಲದು?

ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಕೊಳ್ಳಲು ಹೊರಟರೆ ಕಣ್ಣು ಮೊದಲು ಹೋಗುವುದು ಲ್ಯೂಮೆನ್ ಮೇಲೆ, ಅಂದರೆ ದೀಪ ಕೊಡುವ ಒಟ್ಟು ಬೆಳಕಿನ ಅಳತೆಯ ಮೇಲೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 400, 600, 1000 ಅಂತ ಬರೆದಿರುತ್ತದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸಿಬಿಡುತ್ತದೆ. ರಾತ್ರಿ ಓಡುವವರಿಗೆ, ಬೆಟ್ಟ ಹತ್ತುವವರಿಗೆ, ಗುಹೆಗೆ ಇಳಿಯುವವರಿಗೆ ಆ ಲೆಕ್ಕ ತಕ್ಕಮಟ್ಟಿಗೆ ಸರಿ. ಸೈನಿಕರಿಗೋ, ಕತ್ತಲಲ್ಲಿ ಕಾರ್ಯಾಚರಣೆ ನಡೆಸುವ ಪೊಲೀಸ್ ತಂಡಕ್ಕೋ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇದು ಎಷ್ಟು ಕಡಿಮೆ ಬೆಳಕು ಕೊಡಬಲ್ಲದು?

ಟಾರ್ಚು, ಹೆಡ್‌ಲ್ಯಾಂಪುಗಳ ಹುಚ್ಚು ನನಗೆ ಹಳೆಯದು. ಸೇನೆಯಲ್ಲಿರುವ ಗೆಳೆಯರು ಆಗಾಗ ಫೋನ್ ಮಾಡಿ "ಯಾವುದು ತಗೊಳ್ಳೋದು ಹೇಳೋ" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೆಲ್ಲ ಒಂದೆಡೆ ಬರೆದಿಡೋಣ ಅನ್ನಿಸಿತು. ಮಾತು ಸ್ವಲ್ಪ ಉದ್ದವಾಗುತ್ತದೆ. ಹಣೆಗೆ ಕಟ್ಟುವ ಚಿಕ್ಕ ದೀಪವಾದರೂ ಅದನ್ನು ಹೊತ್ತವನ ಪ್ರಾಣದ ಪ್ರಶ್ನೆ ಇದರಲ್ಲಿದೆ.

ಕತ್ತಲಲ್ಲಿ ದೀಪ ಹಚ್ಚಿದವನಿಗೆ ಕಾಣುವುದು ಹತ್ತಿರದ ನೆಲ ಮಾತ್ರ. ಅವನು ಮಾತ್ರ ಬಹಳ ದೂರದವರೆಗೆ ಕಾಣಿಸುತ್ತಾನೆ. 2015ರಲ್ಲಿ ಇಬ್ಬರು ಸಂಶೋಧಕರು ಮೇಣದಬತ್ತಿಯ ಜ್ವಾಲೆಯನ್ನು ನಕ್ಷತ್ರದ ಬೆಳಕಿನ ಜೊತೆ ಹೋಲಿಸಿ ಅಳೆದರು. ಸುಮಾರು 2.6 ಕಿಲೋಮೀಟರ್ ದೂರದಲ್ಲಿಟ್ಟ ಮೇಣದಬತ್ತಿ, ಬರಿಗಣ್ಣಿಗೆ ಕಾಣುವ ತೀರಾ ಮಸುಕಾದ ನಕ್ಷತ್ರದಷ್ಟು ಬೆಳಗುತ್ತದೆ ಅನ್ನುವುದು ಅವರಿಗೆ ಸಿಕ್ಕ ಉತ್ತರ. ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯನ್ನು ಕ್ಯಾಂಡೆಲಾದಲ್ಲಿ ಅಳೆಯುತ್ತಾರೆ, ಮೇಣದಬತ್ತಿ ಕೊಡುವುದು ಹೆಚ್ಚುಕಡಿಮೆ ಒಂದು ಕ್ಯಾಂಡೆಲಾ. ಹೆಡ್‌ಲ್ಯಾಂಪ್ ತನ್ನ ಬೆಳಕನ್ನೆಲ್ಲ ಒಂದೇ ಕಡೆಗೆ ತಳ್ಳುತ್ತದೆ. ಬರೀ 5 ಲ್ಯೂಮೆನ್ ಬೆಳಕನ್ನು 60 ಡಿಗ್ರಿ ಕೋನದೊಳಗೆ ಕೂಡಿಸಿದರೆ ಎದುರು ನಿಂತವನ ಕಣ್ಣಿಗೆ ಅದು ಸುಮಾರು 6 ಕ್ಯಾಂಡೆಲಾ ಆಗುತ್ತದೆ. ಡಬ್ಬಿಯ ಮೇಲೆ "ಲೋ" ಅಂತ ಬರೆದಿರುವ ಮಟ್ಟದ ಕಥೆಯೇ ಇದು. ಇನ್ನು "ಹೈ" ಬಗ್ಗೆ ಹೇಳುವುದೇ ಬೇಡ.

ಅದೇ ಡಬ್ಬಿಯ ಮೇಲೆ "ಬೆಳಕು ಹೋಗುವ ದೂರ 100 ಮೀಟರ್" ಅಂತಲೂ ಇರುತ್ತದೆ. ಇದನ್ನು ಓದಿ ನೂರು ಮೀಟರ್ ಆಚೆಗೆ ನಾನು ಯಾರಿಗೂ ಕಾಣುವುದಿಲ್ಲ ಅಂದುಕೊಂಡವರನ್ನು ನೋಡಿದ್ದೇನೆ. ಆ ಸಂಖ್ಯೆಗೂ ಅದಕ್ಕೂ ಸಂಬಂಧವೇ ಇಲ್ಲ. ಟಾರ್ಚು, ಹೆಡ್‌ಲ್ಯಾಂಪುಗಳನ್ನು ಅಳೆಯಲು ಎಫ್‌ಎಲ್‌1 ಅನ್ನುವ ಮಾನದಂಡ 2009ರಲ್ಲಿ ಬಂತು. ಅದರ ಪ್ರಕಾರ, ಬೀಳುವ ಬೆಳಕು 0.25 ಲಕ್ಸ್‌ಗೆ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿಯುವ ಜಾಗದವರೆಗಿನ ದೂರವನ್ನು ಹೀಗೆ ಬರೆಯುತ್ತಾರೆ. ಅದು ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಿನಷ್ಟು. 100 ಮೀಟರ್‌ಗೆ 2500 ಕ್ಯಾಂಡೆಲಾ ಬೇಕು, 200 ಮೀಟರ್‌ಗೆ 10,000. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟಾಗಬೇಕು. 2500 ಕ್ಯಾಂಡೆಲಾ ಅಂದರೆ ಎದುರಿಗಿರುವವನಿಗೆ ಎಷ್ಟು ಮೇಣದಬತ್ತಿ ಒಟ್ಟಿಗೆ ಉರಿದಂತೆ ಅಂತ ನೀವೇ ನೋಡಿ. ನೀವು ಎಷ್ಟು ದೂರಕ್ಕೆ ಕಾಣಿಸುತ್ತೀರಿ ಅನ್ನುವುದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ.

ಹಾಗಾದರೆ ಸೈನಿಕನಿಗೆ ಹೆಡ್‌ಲ್ಯಾಂಪ್ ಬೇಕಾದರೂ ಯಾಕೆ? ಎರಡೂ ಕೈ ಖಾಲಿ ಇರಬೇಕಾದ ಕೆಲಸಗಳಿಗೆ. ನಕ್ಷೆ ನೋಡುವುದು, ರೇಡಿಯೊ ಸರಿಪಡಿಸುವುದು, ಆಯುಧ ಬಿಚ್ಚಿ ಒರೆಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬ್ಯಾಗು ತುಂಬುವುದು. ಇವೆಲ್ಲ ತೋಳಳತೆಯೊಳಗೆ ಮುಗಿಯುವ ಕೆಲಸಗಳು. ದೂರ ಹುಡುಕಲು, ಎದುರಾಳಿಯನ್ನು ಗುರುತಿಸಲು ಕೈಯಲ್ಲಿ ಹಿಡಿಯುವ ಅಥವಾ ಆಯುಧಕ್ಕೆ ಕೂರಿಸುವ ಬೇರೆ ದೀಪ ಇರುತ್ತದೆ. ಆ ಕೆಲಸಕ್ಕೆ ಹೆಡ್‌ಲ್ಯಾಂಪ್ ಬಳಸುವುದೆಂದರೆ ನನ್ನ ತಲೆ ಇಲ್ಲಿದೆ ಅಂತ ಗುರುತು ಹಚ್ಚಿದಂತೆ. ಕೈಯ ಟಾರ್ಚನ್ನು ಮೈಯಿಂದ ದೂರ ಚಾಚಿ ಹಿಡಿಯಬಹುದು, ಹಣೆಯ ದೀಪಕ್ಕೆ ಆ ಅನುಕೂಲ ಇಲ್ಲ. ಅದಕ್ಕೇ 1000 ಲ್ಯೂಮೆನ್ ಹೆಡ್‌ಲ್ಯಾಂಪಿಗೆ "ಟ್ಯಾಕ್ಟಿಕಲ್" ಅಂತ ಹೆಸರಿಟ್ಟು ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಪ್ಪು ಬಣ್ಣ ಬಳಿದ ಮಾತ್ರಕ್ಕೆ ಅದು ಸೈನಿಕರ ಸಾಮಾನಾಗುವುದಿಲ್ಲ.

ಇನ್ನು ಕಣ್ಣಿನ ವಿಚಾರ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಬೆಳಕು ಹಿಡಿಯುವ ಕೋಶಗಳಿವೆ. ಹಗಲಿಗೆ, ಬಣ್ಣಕ್ಕೆ ಕೋನ್‌ಗಳು. ಇರುಳಿಗೆ ರಾಡ್‌ಗಳು. ಬೆಳಕಿನಿಂದ ಕತ್ತಲಿಗೆ ಬಂದರೆ ಕೋನ್‌ಗಳು ಹತ್ತು ನಿಮಿಷದಲ್ಲಿ ಹೊಂದಿಕೊಳ್ಳುತ್ತವೆ. ರಾಡ್‌ಗಳು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ರೊಡಾಪ್ಸಿನ್ ಅನ್ನುವ ವಸ್ತು ಅವುಗಳಲ್ಲಿ ಮತ್ತೆ ತುಂಬಿಕೊಳ್ಳಬೇಕು. ಅರ್ಧ ಗಂಟೆ ಕಾದು ಗಳಿಸಿದ್ದನ್ನು ಪಕ್ಕದವನ ಬಿಳಿ ಹೆಡ್‌ಲ್ಯಾಂಪ್ ಒಂದೇ ಕ್ಷಣದಲ್ಲಿ ಕಿತ್ತುಕೊಳ್ಳುತ್ತದೆ. ಅದೂ ಹೇಗೆ ಅಂತೀರಾ? ಹೆಡ್‌ಲ್ಯಾಂಪ್ ನಾವು ನೋಡಿದ ಕಡೆಗೇ ತಿರುಗುತ್ತದೆ. ಮಾತಾಡಿಸಲು ಗೆಳೆಯನ ಮುಖ ನೋಡಿದರೆ ಬೆಳಕು ನೇರ ಅವನ ಕಣ್ಣಿಗೇ ಹೊಡೆಯುತ್ತದೆ. ಹೆಡ್‌ಲ್ಯಾಂಪ್ ಹಾಕಿಕೊಂಡು ಗುಂಪಿನಲ್ಲಿ ನಡೆದವರಿಗೆಲ್ಲ ಇದರ ಅನುಭವ ಇರುತ್ತದೆ, ಅಲ್ವಾ?

ಕೆಂಪು ಬೆಳಕಿನ ಮಾತು ಬರುವುದು ಇಲ್ಲಿ. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ, ನ್ಯಾನೋಮೀಟರ್‌ನಲ್ಲಿ ಹೇಳುತ್ತಾರೆ; ರಾಡ್‌ಗಳಿಗೆ ಅತಿ ಚೆನ್ನಾಗಿ ಕಾಣುವುದು 500 ನ್ಯಾನೋಮೀಟರ್ ಸುತ್ತಲಿನ ನೀಲಿ-ಹಸಿರು. ಅಲ್ಲಿಂದ ಕೆಂಪಿನ ಕಡೆಗೆ ಹೋದಂತೆ ಅವು ಕುರುಡಾಗುತ್ತವೆ. ಮುಂಜಾನೆಯ ಮಬ್ಬಿನಲ್ಲಿ ಕೆಂಪು ಹೂ ಕಪ್ಪಾಗಿ ಕಾಣುವುದನ್ನು ಜೆಕ್ ವಿಜ್ಞಾನಿ ಪುರ್ಕಿನ್ಯೆ 1819ರಲ್ಲೇ ಗಮನಿಸಿದ್ದರು. ಕೆಂಪು ಬೆಳಕಿನಲ್ಲಿ ಕೆಲಸ ಮಾಡಿದರೆ ಕೋನ್‌ಗಳು ನೋಡುತ್ತವೆ, ರಾಡ್‌ಗಳು ತಮ್ಮ ಪಾಡಿಗೆ ಕತ್ತಲಲ್ಲೇ ಉಳಿಯುತ್ತವೆ. ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹಾರಬೇಕಾದ ಪೈಲಟ್‌ಗಳು ಮೊದಲೇ ಕೆಂಪು ಕನ್ನಡಕ ಹಾಕಿಕೊಂಡು ಬೆಳಕಿನ ಕೋಣೆಯಲ್ಲಿ ಕೂರುತ್ತಿದ್ದದ್ದು ಇದಕ್ಕೇ.

ಆದರೆ ಕೆಂಪು ಅಂದರೆ ಸಾಕು, ಎಷ್ಟು ಪ್ರಖರ ಇದ್ದರೂ ಪರವಾಗಿಲ್ಲ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಇದು ಸರಿಯಲ್ಲ. ಸಾಮಾನ್ಯ ಕೆಂಪು ಎಲ್‌ಇಡಿಯ ಬೆಳಕು 620ರಿಂದ 630 ನ್ಯಾನೋಮೀಟರ್ ಸುತ್ತ ಇರುತ್ತದೆ. ರಾಡ್‌ಗಳು ಅಲ್ಲಿಯೂ ಪೂರ್ತಿ ಕುರುಡಲ್ಲ. ಜೋರಾದ ಕೆಂಪು, ಮಂದವಾದ ಬಿಳಿಗಿಂತ ಜಾಸ್ತಿ ಹಾಳು ಮಾಡಬಲ್ಲದು. ಅಮೆರಿಕದ ನೌಕಾಪಡೆಯೇ ಹಡಗುಗಳ ಕೆಲವು ಕೋಣೆಗಳಲ್ಲಿ ಕೆಂಪನ್ನು ಬಿಟ್ಟು ತೀರಾ ಮಂದವಾದ ಬಿಳಿ ಬೆಳಕಿಗೆ ಬಂದಿತು. ಆದ್ದರಿಂದ ಹೆಡ್‌ಲ್ಯಾಂಪಿನಲ್ಲಿ ಕೆಂಪು ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ಆ ಕೆಂಪಿಗೆ ಎಷ್ಟು ಮಟ್ಟಗಳಿವೆ, ತೀರಾ ಕೆಳಗಿನದು ಎಷ್ಟು ಮಂದ ಅಂತ ನೋಡಿ. ಬಿಳಿಗೆ ನಾಲ್ಕೈದು ಮಟ್ಟ ಕೊಟ್ಟು ಕೆಂಪಿಗೆ ಒಂದೇ ಮಟ್ಟ ಇಡುವ ದೀಪಗಳು ಮಾರುಕಟ್ಟೆಯಲ್ಲಿ ತುಂಬಾ ಇವೆ.

ಕೆಂಪಿನ ಇನ್ನೊಂದು ಕಷ್ಟವನ್ನು ಮನೆಯಲ್ಲೇ ನೋಡಬಹುದು. ಬೆಟ್ಟಗುಡ್ಡದ ಎತ್ತರ ತೋರಿಸುವ ಬಣ್ಣದ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ. ಕೋಣೆ ಕತ್ತಲು ಮಾಡಿ ಕೆಂಪು ದೀಪ ಹಚ್ಚಿ. ಬಿಳಿ ಕಾಗದವೆಲ್ಲ ಕೆಂಪಾಗುತ್ತದೆ. ಕೆಂಪು ಶಾಯಿಯಲ್ಲಿ ಬರೆದ ರಸ್ತೆಗಳು ಆ ಕಾಗದದೊಳಗೆ ಕರಗಿಹೋಗುತ್ತವೆ. ಏರಿಳಿತ ಹೇಳುವ ಕಂದು ಗೆರೆಗಳು ಒಂದೊಂದಾಗಿ ಮಸುಕಾಗಿ, ಕಡಿದಾದ ಇಳಿಜಾರು ಬಯಲಿನಂತೆ ಕಾಣುತ್ತದೆ. ನೀಲಿ ಹೊಳೆ ಮಾತ್ರ ಕಡುಕಪ್ಪಾಗಿ ಎದ್ದು ನಿಲ್ಲುತ್ತದೆ. ಈಗ ಹಸಿರು ದೀಪ ಹಚ್ಚಿ ನೋಡಿ. ಕಂದು ಗೆರೆಗಳೂ ಕೆಂಪು ರಸ್ತೆಗಳೂ ಕಪ್ಪಾಗಿ ಮೇಲೆದ್ದು ಬರುತ್ತವೆ. ಮಾಯವಾದ ಗೆರೆಯನ್ನು ನಂಬಿ ರಾತ್ರಿ ದಾರಿ ಹಿಡಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಬೆಳಕಿನಲ್ಲೂ ಓದಲು ಬರುವಂತೆ ಮುದ್ರಿಸಿದ ಸೇನಾ ನಕ್ಷೆಗಳು ಇವೆ. ಕೈಗೆ ಸಿಗುವ ಎಲ್ಲ ನಕ್ಷೆಗಳೂ ಹಾಗಿರುವುದಿಲ್ಲ.

ರಕ್ತದ ವಿಷಯದಲ್ಲಿ ಇದು ಇನ್ನೂ ಗಂಭೀರ. ಕೆಂಪು ಬೆಳಕಿನಡಿ ರಕ್ತ ಬೇರೆಯಾಗಿ ಕಾಣುವುದಿಲ್ಲ, ನೀರು ಚೆಲ್ಲಿದಂತೆ ಬರೀ ಹೊಳಪು ಕಾಣುತ್ತದೆ. ತುಟಿ ನೀಲಿಗಟ್ಟಿದೆಯೇ, ಚರ್ಮ ಬಿಳಿಚಿದೆಯೇ ಅನ್ನುವುದೂ ತಿಳಿಯುವುದಿಲ್ಲ. ಹಸಿರಿನಡಿ ರಕ್ತ ಕಪ್ಪಾಗಿ ಕಂಡು ಚರ್ಮದಿಂದ ಬೇರೆಯಾಗುತ್ತದೆ, ಏಕೆಂದರೆ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ತಂಡದ ವೈದ್ಯಕೀಯ ಸಹಾಯಕನಿಗೆ ಬರೀ ಬಿಳಿ-ಕೆಂಪು ದೀಪ ಕೊಟ್ಟು ಕಳಿಸುವುದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವನಿಗೆ ಮಂದ ಹಸಿರೂ ಬೇಕು, ಬಣ್ಣಗಳನ್ನು ಸರಿಯಾಗಿ ತೋರಿಸುವ ಒಳ್ಳೆಯ ಬಿಳಿಯೂ ಬೇಕು. ಬಿಳಿ ಎಲ್‌ಇಡಿಗಳಲ್ಲಿ ಬಣ್ಣದ ನಿಖರತೆಗೆ ಸಿಆರ್‌ಐ ಅನ್ನುವ ಅಳತೆ ಇದೆ. ಸಿಆರ್‌ಐ 70 ಇರುವ ದೀಪದಡಿ ಗಾಯವೂ ಬಣ್ಣದ ವೈರುಗಳೂ ಪೇಲವವಾಗಿ ಕಾಣುತ್ತವೆ, 90ರ ದೀಪದಡಿ ಹಗಲಿಗೆ ಹತ್ತಿರವಾಗಿ ಕಾಣುತ್ತವೆ. ಇದಕ್ಕಾಗಿ ಲ್ಯೂಮೆನ್ ಸ್ವಲ್ಪ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಹಸಿರಿಗೂ ಬೆಲೆ ತೆರಬೇಕು. ನಮ್ಮ ಕಣ್ಣು ಹಸಿರಿಗೆ ಬಹಳ ಚುರುಕು, ಎದುರಿನವನ ಕಣ್ಣೂ ಅಷ್ಟೇ. ರಾಡ್‌ಗಳನ್ನೂ ಅದು ಬೇಗ ಎಬ್ಬಿಸುತ್ತದೆ. ಆದ್ದರಿಂದ ಹಸಿರು ತೀರಾ ಮಂದವಾಗಿದ್ದರೆ ಮಾತ್ರ ಪ್ರಯೋಜನ. ನೀಲಿಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಇರುಳುಗಣ್ಣನ್ನು ಕೆಡಿಸುವುದರಲ್ಲಿ ಅದೂ ಮುಂದು.

ನೈಟ್ ವಿಷನ್ ಕನ್ನಡಕ ಬಂದ ಮೇಲೆ ಈ ಲೆಕ್ಕಾಚಾರವೇ ತಲೆಕೆಳಗಾಗಿದೆ. ಮಸುಕು ಬೆಳಕನ್ನು ಹಿಗ್ಗಿಸಿ ತೋರಿಸುವ ಮೂರನೇ ತಲೆಮಾರಿನ ಕೊಳವೆಗಳು ಸುಮಾರು 900 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಹಿಡಿಯುತ್ತವೆ. ಬರಿಗಣ್ಣಿಗೆ ಮಂಕಾಗಿ ಕಾಣುವ ಕೆಂಪು ಅವುಗಳಿಗೆ ಪ್ರಖರ ದೀಪ. ವಿಮಾನಗಳ ಕಾಕ್‌ಪಿಟ್‌ನಲ್ಲಿ ಕೆಂಪು ದೀಪಗಳ ಜಾಗಕ್ಕೆ ನೀಲಿ-ಹಸಿರು ಬಂದದ್ದು ಇದೇ ಕಾರಣಕ್ಕೆ. ಪೈಲಟ್ ಹಾಕುವ ಕನ್ನಡಕದಲ್ಲಿ ಆ ನೀಲಿ-ಹಸಿರನ್ನು ತಡೆಯುವ ಫಿಲ್ಟರ್ ಇರುತ್ತದೆ, ಹಾಗಾಗಿ ಮೀಟರುಗಳ ಬೆಳಕು ಹೊರಗಿನ ನೋಟಕ್ಕೆ ಅಡ್ಡ ಬರುವುದಿಲ್ಲ. ಎದುರಾಳಿಯ ಹತ್ತಿರ ನೈಟ್ ವಿಷನ್ ಇರಬಹುದು ಅನ್ನುವ ಕಡೆ "ಕೆಂಪು ಹಚ್ಚಿದ್ದೇನೆ, ಯಾರಿಗೂ ಕಾಣಲ್ಲ" ಅನ್ನುವ ಧೈರ್ಯ ಯಾರಿಗೂ ಬೇಡ.

ಇನ್‌ಫ್ರಾರೆಡ್, ಅಂದರೆ ಕೆಂಪಿನಾಚೆಗಿನ, ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕಿನ ದೀಪವಿರುವ ಹೆಡ್‌ಲ್ಯಾಂಪ್‌ಗಳೂ ಸಿಗುತ್ತವೆ. ನೈಟ್ ವಿಷನ್ ಹಾಕಿಕೊಂಡವನಿಗೆ ಹತ್ತಿರದ ಕೆಲಸಕ್ಕೆ, ಕಾರ್ಗತ್ತಲ ಕೋಣೆಯೊಳಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹೆಚ್ಚಿನವು 850 ನ್ಯಾನೋಮೀಟರ್ ಎಲ್‌ಇಡಿ ಬಳಸುತ್ತವೆ. ಹತ್ತಿರದಿಂದ ನೇರ ನೋಡಿದರೆ ಅದರ ಒಡಲಲ್ಲಿ ಮಬ್ಬು ಕೆಂಪು ಕಾಣುತ್ತದೆ. 940ರದ್ದು ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಅಲ್ಲಿ ನೈಟ್ ವಿಷನ್ ಕೊಳವೆಯ ದೃಷ್ಟಿಯೂ ಮಂದವಾಗುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಫೋನಿನ ಮುಂದಿನ ಕ್ಯಾಮೆರಾಗೆ ಇನ್‌ಫ್ರಾರೆಡ್ ಹೆಡ್‌ಲ್ಯಾಂಪ್ ತೋರಿಸಿ ನೋಡಿ. ಸಾಮಾನ್ಯವಾಗಿ ಪರದೆಯ ಮೇಲೆ ಬಿಳಿ ಅಥವಾ ನೇರಳೆ ಚುಕ್ಕೆ ಕಾಣುತ್ತದೆ. ಕಾಣದ ಬೆಳಕು ಅಂತ ನಾವು ಕರೆಯುವುದನ್ನು ಜೇಬಿನ ಫೋನೇ ಹಿಡಿಯುತ್ತದೆ ಅಂದ ಮೇಲೆ ಅದನ್ನೂ ಬಿಳಿ ಬೆಳಕಿನಷ್ಟೇ ಎಚ್ಚರದಿಂದ ಬಳಸಬೇಕು.

ಎಷ್ಟೇ ಒಳ್ಳೆಯ ಬಣ್ಣಗಳಿದ್ದರೂ ಸ್ವಿಚ್ಚು ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ಒಂದೇ ಬಟನ್ ಇರುವ ಎಷ್ಟೋ ದೀಪಗಳಲ್ಲಿ ಮೊದಲ ಒತ್ತಿಗೆ ಜೋರು ಬಿಳಿ, ಆಮೇಲೆ ಮಧ್ಯಮ, ಆಮೇಲೆ ಕೊನೆಗೆ ಕೆಂಪು. ಕೆಂಪು ತಲುಪುವಷ್ಟರಲ್ಲಿ ಇಡೀ ತಂಡದ ಕಣ್ಣು ಹಾಳು, ಜಾಗವೂ ಬಯಲು. ಕೆಂಪು ಮೊದಲು ಬರಬೇಕು, ಮಂದದಿಂದ ಶುರುವಾಗಬೇಕು. ಬಿಳಿಗೆ ಹೋಗಲು ಬೇಕೆಂದೇ ಮಾಡುವ ಬೇರೆ ಕ್ರಿಯೆ ಇರಬೇಕು. ಸ್ಟ್ರೀಮ್‌ಲೈಟ್ ಕಂಪನಿಯ ಸೈಡ್‌ವಿಂಡರ್ ನನಗೆ ಇಷ್ಟವಾಗುವುದು ಇದಕ್ಕೇ. ಬಣ್ಣ ಆರಿಸಲು ತಿರುಗಿಸುವ ಗುಂಡಿ ಬೇರೆ, ಹೊತ್ತಿಸುವ ಬಟನ್ ಬೇರೆ. ದೀಪ ಹಚ್ಚುವ ಮೊದಲೇ ಯಾವ ಬಣ್ಣ ಬರುತ್ತದೆ ಅಂತ ಬೆರಳಿಗೆ ಗೊತ್ತಿರುತ್ತದೆ. ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ದಪ್ಪ ಗ್ಲೌಸ್ ಹಾಕಿಕೊಳ್ಳಿ, ಕಣ್ಣು ಮುಚ್ಚಿ, ಬಟನ್ ಹುಡುಕಿ. ತಡಕಾಡಬೇಕಾಗಿ ಬಂದರೆ ಕೆಳಗಿಟ್ಟು ಬನ್ನಿ. ಮತ್ತೆ, ಕಿವಿಗೊಟ್ಟು ಕೇಳಿ. ಕೆಲವು ಸ್ವಿಚ್ಚುಗಳ ಟಕ್ ಸದ್ದು ನಿಶ್ಶಬ್ದ ರಾತ್ರಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಲಾಕ್ ಇರಲೇಬೇಕು. ಬ್ಯಾಗಿನೊಳಗೆ ಯಾವುದೋ ಸಾಮಾನು ಒತ್ತಿ ದೀಪ ಹೊತ್ತಿಕೊಂಡರೆ ಬ್ಯಾಟರಿ ಮುಗಿಯುವುದು ಸಣ್ಣ ನಷ್ಟ. ಬ್ಯಾಗಿನ ಬಟ್ಟೆಯ ಮೂಲಕ ಬೆಳಕು ಸೋರುವುದು ದೊಡ್ಡದು. ಕೈ ಬೀಸಿದರೆ ಹೊತ್ತುವ ಸೆನ್ಸರ್, ಸುತ್ತಲಿನ ಬೆಳಕು ನೋಡಿ ತಾನೇ ಏರಿಳಿಯುವ ವ್ಯವಸ್ಥೆ, ಬ್ಲೂಟೂತ್ ಇವೆಲ್ಲ ಈ ಕೆಲಸಕ್ಕೆ ಬೇಡವೇ ಬೇಡ. ದೀಪ ತಾನಾಗಿ ಏನನ್ನೂ ನಿರ್ಧರಿಸಬಾರದು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವ ಸಂಖ್ಯೆಯನ್ನೂ ತಿಳಿದು ಓದಬೇಕು. ಎಫ್‌ಎಲ್‌1 ಪ್ರಕಾರ, ಹೊತ್ತಿಸಿದ 30 ಸೆಕೆಂಡಿಗೆ ಇದ್ದ ಬೆಳಕು ಶೇಕಡಾ 10ಕ್ಕೆ ಇಳಿಯುವವರೆಗಿನ ಸಮಯ ಅದು. 400 ಲ್ಯೂಮೆನ್ ದೀಪ ಬೇಗನೆ 50ಕ್ಕೆ ಇಳಿದು ಗಂಟೆಗಟ್ಟಲೆ ಹಾಗೇ ತೆವಳಿದರೂ ಆ ಗಂಟೆಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. ನಾನಂತೂ ಕೆಳಗಿನ ಮಟ್ಟದ ಸಮಯವನ್ನೇ ನೋಡುತ್ತೇನೆ. ದಿನಾ ಬಳಸುವುದು ಅದನ್ನೇ ಅಲ್ವಾ.

ಯಾವ ಸೆಲ್ ಅನ್ನುವುದರಲ್ಲಿ ನನ್ನ ಸಲಹೆ ಹಳೇ ಕಾಲದ್ದು ಅನ್ನಿಸಬಹುದು. ಯುಎಸ್‌ಬಿ ಚಾರ್ಜಿನ ಒಳಬ್ಯಾಟರಿ ಶಿಬಿರಕ್ಕೆ ಚೆನ್ನ. ದಿನಗಟ್ಟಲೆ ಹೊರಗಿರುವವರಿಗೆ ಕೈಯಲ್ಲೇ ಬದಲಿಸುವ ಸೆಲ್ ಬೇಕು, ಅದೂ ತಂಡದ ಉಳಿದ ಸಾಧನಗಳು ಬಳಸುವ ಸೆಲ್ಲೇ ಆಗಿದ್ದರೆ ಒಳ್ಳೆಯದು. ಬಹಳ ಕಡೆ ಬಳಕೆಯಲ್ಲಿರುವ ಪಿವಿಎಸ್-14 ನೈಟ್ ವಿಷನ್ ಒಂದು ಎಎ ಸೆಲ್ಲಿನಲ್ಲಿ ನಡೆಯುತ್ತದೆ. ಹೆಡ್‌ಲ್ಯಾಂಪೂ ಎಎ ಆಗಿದ್ದರೆ ಒಂದೇ ಬಗೆಯ ಸೆಲ್ ಹೊತ್ತರೆ ಸಾಕು, ತುರ್ತಿಗೆ ಒಂದರದ್ದು ಕಿತ್ತು ಇನ್ನೊಂದಕ್ಕೆ ಹಾಕಬಹುದು. ಎಎ ಅಂದ ಮೇಲೆ ಅಲ್ಕಲೈನ್ ಬೇಡ. ತೀರಾ ಚಳಿಯಲ್ಲಿ ಅದು ಸೋಲುತ್ತದೆ, ತಯಾರಕರೇ ಹೇಳುವ ಕೆಳಮಿತಿ ಸುಮಾರು ಮೈನಸ್ 18 ಡಿಗ್ರಿ. ಸುಮ್ನೆ ಬಿಟ್ಟರೆ ಸೋರಿ ಒಳಗಿನ ತಗಡನ್ನೆಲ್ಲ ತಿಂದುಹಾಕುತ್ತದೆ. ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಎಎ ಮೈನಸ್ 40ರವರೆಗೂ ನಡೆಯುತ್ತದೆ, ತೂಕವೂ ಕಡಿಮೆ. 18650ರಂಥ ಚಾರ್ಜ್ ಆಗುವ ಲಿಥಿಯಂ-ಅಯಾನ್ ಸೆಲ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜಿಗೆ ಹಾಕಬಾರದು. ಒಳಗೆ ಲಿಥಿಯಂ ಲೋಹ ಪದರಗಟ್ಟಿ ಸೆಲ್ ಶಾಶ್ವತವಾಗಿ ಕೆಡುತ್ತದೆ.

ಹೆಲ್ಮೆಟ್ ಹಾಕುವವರು ಹೆಲ್ಮೆಟ್ ಹಾಕಿಕೊಂಡೇ ದೀಪ ನೋಡಬೇಕು. ನೈಟ್ ವಿಷನ್ ಮುಂದೆ ಕೂತರೆ ಹಣೆಯ ಮೇಲೆ ಜಾಗವೇ ಇರುವುದಿಲ್ಲ. ಹೆಲ್ಮೆಟ್ಟಿನ ಪಕ್ಕದಲ್ಲಿ ಸಾಮಾನು ಕೂರಿಸಲು ಇರುವ ಪಟ್ಟಿಗೆ, ಅಂದರೆ ರೇಲಿಗೆ, ಸಿಕ್ಕಿಸುವ ಚಿಕ್ಕ ದೀಪವೇ ಆಗಬೇಕು. ಬರಿತಲೆಗೂ ಹೆಲ್ಮೆಟ್ಟಿಗೂ ಎರಡಕ್ಕೂ ಹೊಂದುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಕಿನ ಆಕಾರ ಅಗಲವಾಗಿ, ಅಂಚು ಮೃದುವಾಗಿ ಹರಡಬೇಕು. ಕೈಕೆಲಸಕ್ಕೆ ಚೂಪು ಬೆಳಕು ಹಿಂಸೆ. ನೀರಿನ ವಿಷಯ ಬೇಗ ಮುಗಿಸುತ್ತೇನೆ. ಐಪಿಎಕ್ಸ್4 ಅಂದರೆ ಎರಚಿದ ನೀರು ತಡೆಯುತ್ತದೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಹೊಳೆ ದಾಟುವವರಿಗೆ ಎರಡನೆಯದು ಬೇಕು. ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಮೊದಲು ಸೋಲುವ ಜಾಗ ಅನ್ನುವುದು ನೆನಪಿರಲಿ.

ಮನೆಗೆ ತಂದ ಮೇಲೆ ಕತ್ತಲ ಕೋಣೆಯಲ್ಲಿ ಕೂತು ದೀಪವನ್ನು ಎಲ್ಲ ಕಡೆಯಿಂದ ನೋಡಿ. ಬ್ಯಾಟರಿ ಎಷ್ಟಿದೆ ಅಂತ ಹೇಳುವ ಚಿಕ್ಕ ಹಸಿರು ಚುಕ್ಕೆ ಮಿನುಗುತ್ತಾ ಇರಬಹುದು. ಅದರ ಮೇಲೆ ಕಪ್ಪು ಟೇಪು ಹಚ್ಚಿ. ಪಟ್ಟಿಯ ಮೇಲೆ ಕಂಪನಿಯ ಹೆಸರನ್ನು ಬೆಳಕು ಬಿದ್ದರೆ ಹೊಳೆಯುವ ನೂಲಿನಲ್ಲಿ ನೇಯ್ದಿದ್ದರೆ ಅದನ್ನೂ ಮುಚ್ಚಿ. ದೀಪದ ತಲೆ ಕೆಳಗೆ ಬಗ್ಗಿಸಿದಾಗ ಮೇಲಿನಿಂದ, ಪಕ್ಕದಿಂದ ಬೆಳಕು ಸೋರುತ್ತದೆಯೇ ನೋಡಿ. ಆಮೇಲೆ ದೀಪ ಆರಿಸಿ, ಕತ್ತಲಲ್ಲೇ ಸೆಲ್ ಬಿಚ್ಚಿ ಹೊಸದು ಹಾಕುವುದನ್ನು ಅಭ್ಯಾಸ ಮಾಡಿ. ಯಾವ ತುದಿ ಯಾವ ಕಡೆಗೆ ಅಂತ ಬೆರಳಿಗೆ ತಿಳಿಯದಿದ್ದರೆ ಸೆಲ್ ಕೂರುವ ಜಾಗದ ಹೊರಗೆ, ಪ್ಲಸ್ ತುದಿಯ ಹತ್ತಿರ ಚಾಕುವಿನಿಂದ ಒಂದು ಸಣ್ಣ ಗೀರು ಹಾಕಿಡಿ. ಗ್ಲೌಸ್ ತೆಗೆದು ಒಂದು ಸಲ, ಹಾಕಿಕೊಂಡು ಒಂದು ಸಲ ಮಾಡಿ ನೋಡಿ. ಗ್ಲೌಸ್ ಹಾಕಿದ ಕೈಗೆ ಆ ಗೀರು ಸಿಗದಿದ್ದರೆ ಅಲ್ಲಿ ಒಂದು ಹನಿ ಗಟ್ಟಿ ಅಂಟು ಹಾಕಿ ಒಣಗಿಸಿ. ಆ ಉಬ್ಬು ಸಿಗುತ್ತದೆ.